ಒಂಬತ್ತು ಮಿಲಿಮೀಟರ್‌ಗಿಂತ ಹೆಚ್ಚಿಲ್ಲ

ತುದಿಯಿಂದ ಮೊದಲ ಕಪ್ಪು ಗೆರೆಗೆ ಐವತ್ತು ಮಿಲಿಮೀಟರ್ ಇರಬೇಕು. ಸ್ಟೀಲ್ ಸ್ಕೇಲಿನ ಪಕ್ಕದಲ್ಲಿ ಇಟ್ಟು ನೋಡಿದಾಗ ನಲವತ್ತೊಂದು ಇತ್ತು. ಸ್ಕೇಲಿನ ಅಂಚು ಸವೆದಿರಬಹುದೆಂದು ಸೊನ್ನೆಯ ಬದಲು ಹತ್ತರ ಗೆರೆಯಿಂದ ಮತ್ತೆ ಅಳೆದೆ. ನಲವತ್ತೊಂದೇ.

ಅಳೆಯುತ್ತಿದ್ದದ್ದು ನೈಲಾನಿನ ಒಂದು ಸಣ್ಣ ಕೊಳವೆ. ದಪ್ಪ ಹೊಲಿಗೆ ದಾರದಷ್ಟು ಗಾತ್ರ, ಒಳಗೆ ಪೊಳ್ಳು. ನಾವು ಅದನ್ನು ಕ್ಯಾಥೆಟರ್ ಎನ್ನುತ್ತಿದ್ದೆವು. ಮೂರು ದಿನ ಅದು ಒಬ್ಬರ ಬೆನ್ನಿನಲ್ಲಿತ್ತು. ಐದು ನಿಮಿಷದ ಹಿಂದೆ ನಾನೇ ಹೊರತೆಗೆದಿದ್ದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅರಿವಳಿಕೆಯ ಡಿಪ್ಲೊಮಾ ಮುಗಿಸಿ, ರಾಜಾಜಿನಗರದಲ್ಲಿ ಮನೆಯೊಂದನ್ನೇ ಮಾರ್ಪಡಿಸಿ ಮಾಡಿದ್ದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ್ದೆ. ಮೂಳೆಯ ಶಸ್ತ್ರಚಿಕಿತ್ಸಕರೊಬ್ಬರು ಅದನ್ನು ನಡೆಸುತ್ತಿದ್ದರು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಆಪರೇಷನ್ ಥಿಯೇಟರನ್ನು ಒಬ್ಬ ಹಿರಿಯ ಸಿಸ್ಟರ್ ನೋಡಿಕೊಳ್ಳುತ್ತಿದ್ದರು. ಸೊಂಟನೋವಿಗೆ ಬೆನ್ನುಹುರಿಯ ಪೊರೆಯ ಹೊರಗಿನ ಜಾಗಕ್ಕೆ ಔಷಧ ಕೊಡುವ ಕೆಲಸ ನನ್ನದು. ಒಮ್ಮೆ ಸೂಜಿ ಚುಚ್ಚಿ, ಅದರೊಳಗಿಂದ ಕೊಳವೆಯನ್ನು ತೂರಿಸಿ, ಸೂಜಿಯನ್ನು ತೆಗೆದು ಕೊಳವೆಯನ್ನು ಅಲ್ಲೇ ಬಿಟ್ಟರೆ ದಿನವೂ ಹೊಸದಾಗಿ ಚುಚ್ಚಬೇಕಿಲ್ಲ. ಹೊರಗಿನ ತುದಿಗೆ ಸಿರಿಂಜ್ ಸಿಕ್ಕಿಸಿ ಔಷಧ ಹಾಕಿದರಾಯಿತು.

ಇಂಥ ಕೊಳವೆಗಳು ಇಲ್ಲಿ ಸಿಗುತ್ತಿರಲಿಲ್ಲ. ದೊಡ್ಡ ಡಾಕ್ಟರ ಸಂಬಂಧಿಕರೊಬ್ಬರು ಹೊರದೇಶದಿಂದ ಬರುವಾಗ ಆರು ತಂದುಕೊಟ್ಟಿದ್ದರು. ಒಂದು ಸಲ ಬಳಸಿ ಎಸೆಯಬೇಕೆಂದು ಪೊಟ್ಟಣದ ಮೇಲೆ ಅಚ್ಚಾಗಿತ್ತು. ನಾವು ತೊಳೆದು, ಆಟೋಕ್ಲೇವ್‌ನ ಹಬೆಯಲ್ಲಿಟ್ಟು, ಮತ್ತೆ ಬಳಸುತ್ತಿದ್ದೆವು. ನಾಲ್ಕೈದು ಸಲ ಹಬೆಯಲ್ಲಿಟ್ಟರೆ ತುದಿ ಹಳದಿಗಟ್ಟಿ ಸೆಟೆದುಕೊಳ್ಳುತ್ತಿತ್ತು. ಸಿಸ್ಟರ್ ಆಗ ಹೊಲಿಗೆ ಬಿಚ್ಚುವ ಕತ್ತರಿಯಿಂದ ಆ ತುದಿಯನ್ನು ಒಂದಿಷ್ಟು ಕತ್ತರಿಸಿಬಿಡುತ್ತಿದ್ದರು, ಹಳೇ ಸೀರೆಯ ಅಂಚು ಕತ್ತರಿಸಿದ ಹಾಗೆ. ಎಷ್ಟು ಕತ್ತರಿಸಿದರೆಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ. ಸೇರಿದ ಮೊದಲ ವಾರ ಅದನ್ನು ನೋಡಿ, ಒಳ್ಳೆಯ ಉಪಾಯ ಸಿಸ್ಟರ್ ಎಂದಿದ್ದೆ.

ರೋಗಿ ನಲವತ್ತಾರರ ಗಂಡಸು. ಮೂಲ ದಾವಣಗೆರೆ ಕಡೆ. ಇಲ್ಲಿನ ಯಂತ್ರದ ಬಿಡಿಭಾಗಗಳ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಬೇರೆಯವರು ಕಡೆದ ತುಂಡುಗಳನ್ನು ಅಳೆದು, ಸರಿಯಿದ್ದರೆ ಪಾಸು ಮಾಡುವ ಕೆಲಸ. ಐದು ತಿಂಗಳಿಂದ ಎಡಗಾಲಿಗೆ ಇಳಿಯುವ ನೋವು. ದೊಡ್ಡ ಡಾಕ್ಟರು ಆಪರೇಷನ್ ಎಂದರು. ರೋಗಿಯ ಅಣ್ಣನಿಗೆ ಊರಿನಲ್ಲಿ ಬೆನ್ನು ಕೊಯ್ದ ಮೇಲೆ ಕಾಲು ಎಳೆಯುವಂತಾಗಿತ್ತಂತೆ. ಅದಕ್ಕೇ, ಕೊಯ್ಯುವುದೊಂದು ಬಿಟ್ಟು ಏನು ಬೇಕಾದರೂ ಮಾಡಿ ಎಂದು ಅವರು ಕೈಮುಗಿದರು. ಹಾಗಾಗಿ ನನ್ನ ಬಳಿಗೆ ಬಂದರು. ಮೂರು ದಿನದ ಔಷಧ ಫಲಿಸದಿದ್ದರೆ ಆಪರೇಷನ್‌ಗೆ ಒಪ್ಪಬೇಕೆಂಬುದು ಮಾತು.

ಸೋಮವಾರ ಬೆಳಿಗ್ಗೆ ಅವರನ್ನು ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲನ್ನು ಹೊಟ್ಟೆಗೆ ಮಡಿಸಿದೆವು. ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಳ್ಳುತ್ತೇನೆ ಎಂದರು, ಹಿಡಿದುಕೊಳ್ಳಿ ಎಂದೆ. ಎರಡು ಸೊಂಟದ ಮೂಳೆಗಳ ಮೇಲಂಚನ್ನು ಸೇರಿಸುವ ಗೆರೆ ಎಲ್ಲಿ ಬೆನ್ನನ್ನು ಹಾಯುತ್ತದೋ ಅಲ್ಲಿಂದ ಲೆಕ್ಕ ಶುರು. ಅವರ ಉಡಿದಾರ ಸರಿಯಾಗಿ ಆ ಗೆರೆಯ ಮೇಲೇ ಇತ್ತು. ಸಿಸ್ಟರ್ ಅದನ್ನು ಕೆಳಕ್ಕೆ ಸರಿಸಿದರು. ನಾನು ಅಯೋಡಿನ್ ಹಚ್ಚಿದೆ.

"ಡಾಕ್ಟ್ರೇ, ಯಾವ ಬಣ್ಣ ಹಚ್ಚಿದ್ರಿ?"

"ಕಂದು. ಯಾಕೆ?"

"ಕೆಂಪಲ್ಲ ತಾನೆ? ನಮ್ಮಲ್ಲಿ ಕೆಂಪು ಬಳಿದ್ರೆ ಆ ಮಾಲು ರಿಜೆಕ್ಟು ನೋಡ್ರಿ."

ಮಾತಾಡಬೇಡಿ, ಬೆನ್ನು ಅಲುಗುತ್ತದೆ ಎಂದೆ. ಸಿಸ್ಟರ್ ಮಾಸ್ಕಿನ ಒಳಗೆ ನಕ್ಕರು.

ಮೊದಲ ಸಲ ಸೂಜಿ ಮೂಳೆಗೆ ತಾಗಿತು. ಚೂರು ಮೇಲಕ್ಕೆ ಚುಚ್ಚಿದೆ, ಮತ್ತೆ ಮೂಳೆ. ಅವರು ಹಲ್ಲು ಕಚ್ಚಿಕೊಂಡಿದ್ದರು. ಮೂರನೇ ಸಲ ಸೂಜಿ ದಾರಿ ಹಿಡಿಯಿತು. ಅದಕ್ಕೆ ಗಾಜಿನ ಸಿರಿಂಜ್ ಸಿಕ್ಕಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಕೂದಲೆಳೆಯಷ್ಟೇ ಮುಂದೆ ಹೋಗಬೇಕು. ಬೆರಳಿಗೆ ಎದುರೊತ್ತು ಸಿಗುತ್ತಿರುತ್ತದೆ. ಗಟ್ಟಿ ತಂತುಪದರವನ್ನು ದಾಟಿದ ಕ್ಷಣ ಆ ಎದುರೊತ್ತು ಇಲ್ಲವಾಗುತ್ತದೆ, ಬಾಗಿಲು ತಳ್ಳುತ್ತಿರುವಾಗ ಒಳಗಿನಿಂದ ಯಾರೋ ತೆಗೆದ ಹಾಗೆ. ಆ ಕ್ಷಣ ಸಿಕ್ಕಿತು. ಸಿರಿಂಜ್ ತೆಗೆದು ಕೊಳವೆಯನ್ನು ತೂರಿಸತೊಡಗಿದೆ. ಸೂಜಿಯ ತುದಿ ದಾಟಿ ಒಂದು ಸೆಂಟಿಮೀಟರ್ ಹೋಗಿರಬೇಕು, ನಿಂತುಬಿಟ್ಟಿತು.

ಇಂಥಲ್ಲಿ ನಿಯಮ ಒಂದೇ. ಕೊಳವೆಯನ್ನು ಸೂಜಿಯೊಳಗಿಂದ ಹಿಂದಕ್ಕೆ ಎಳೆಯಬಾರದು. ಸೂಜಿಯ ಬಾಗಿದ ತುದಿಯ ಅಂಚು ಚಾಕುವಿನಂತೆ ಅದನ್ನು ಕತ್ತರಿಸಬಲ್ಲದು. ಎರಡನ್ನೂ ಒಟ್ಟಿಗೆ ಹೊರತೆಗೆದು ಮತ್ತೆ ಮೊದಲಿನಿಂದ ಚುಚ್ಚಬೇಕು. ಪರೀಕ್ಷೆಯಲ್ಲಿ ನಾನು ಬರೆದ ಉತ್ತರವೂ ಅದೇ.

"ಇನ್ನೂ ಚುಚ್ಚೋದಿದೆಯಾ ಡಾಕ್ಟ್ರೇ?" ಎಂದು ಅವರು ಕೇಳಿದರು. ದನಿಯಲ್ಲಿ ತಮಾಷೆ ಇರಲಿಲ್ಲ.

"ಇಲ್ಲ, ಆಯ್ತು" ಎಂದೆ. ಸಿಸ್ಟರ್ ಗಾಜ್ ಬಟ್ಟೆ ತೆಗೆಯಲು ಅತ್ತ ತಿರುಗಿದ್ದರು. ನಾನು ಕೊಳವೆಯನ್ನು ಅರ್ಧ ಅಂಗುಲ ಹಿಂದಕ್ಕೆ ಎಳೆದೆ. ಸಣ್ಣದೊಂದು ಹಿಡಿತ, ಆಮೇಲೆ ಸಡಿಲ. ಮತ್ತೆ ತೂರಿಸಿದಾಗ ಸಲೀಸಾಗಿ ಒಳಗೆ ಹೋಯಿತು. ಅದೃಷ್ಟ ಎಂದುಕೊಂಡೆ.

ಉಳಿದದ್ದೆಲ್ಲ ಕ್ರಮವಾಗಿಯೇ ನಡೆಯಿತು. ಕೊಳವೆಗೆ ಸಿರಿಂಜ್ ಸಿಕ್ಕಿಸಿ ಹೀರಿ ನೋಡಿದೆ. ರಕ್ತವಿಲ್ಲ, ಬೆನ್ನುಹುರಿಯ ನೀರಿಲ್ಲ. ಪರೀಕ್ಷೆಗೆಂದು ಮೂರು ಮಿಲಿಲೀಟರ್ ಔಷಧ ಹಾಕಿ ಐದು ನಿಮಿಷ ಕಾದೆ. ಕಾಲು ಬೆಚ್ಚಗಾಗಿದೆಯೇ, ಬೆರಳು ಆಡುತ್ತದೆಯೇ ಎಂದು ಕೇಳಿ, ಮರಗಟ್ಟಿಸುವ ಲಿಗ್ನೊಕೇನನ್ನು ತೆಳು ಮಾಡಿ, ಅದರ ಜೊತೆ ಊತ ಇಳಿಸುವ ಹೈಡ್ರೊಕಾರ್ಟಿಸೋನ್ ಕೊಟ್ಟೆ. ಅರ್ಧ ಗಂಟೆ, ಐದು ನಿಮಿಷಕ್ಕೊಮ್ಮೆ ರಕ್ತದೊತ್ತಡ. ಕೊಳವೆಯನ್ನು ಬೆನ್ನಿನುದ್ದಕ್ಕೂ ಪ್ಲಾಸ್ಟರಿನಿಂದ ಅಂಟಿಸಿ, ಹೊರತುದಿಯನ್ನು ಭುಜದ ಮೇಲೆ ತಂದೆ.

ಮಧ್ಯಾಹ್ನ ವಾರ್ಡಿನಲ್ಲಿ ಅವರು ಹೆಂಡತಿಗೆ ಬಣ್ಣದ ಮಾತು ಹೇಳುತ್ತಿದ್ದರು. ಆಕೆ ರೊಟ್ಟಿ ಮುರಿದು ತಟ್ಟೆಗಿಡುತ್ತ, "ಆ ಕೆಂಪು ಬಣ್ಣ ನಮ್ಮಪ್ಪ ಮದುವಿ ದಿನಾನೇ ಬಳೀಬೇಕಿತ್ತು ಬಿಡ್ರಿ" ಎಂದರು.

ಮಲಗಿದಲ್ಲೇ ಕಾಲನ್ನು ನೇರವಾಗಿ ಎತ್ತಿಸಿ, ಎಲ್ಲಿ ನೋವು ಹಿಡಿಯುತ್ತದೆಂದು ನೋಡುವುದು ನಮ್ಮ ಪರೀಕ್ಷೆ. ಮೊದಲ ದಿನ ನಾನು ಸುಮಾರು ಮೂವತ್ತು ಡಿಗ್ರಿ ಎಂದು ಬರೆದುಕೊಂಡೆ. ಅವರು ಒಪ್ಪಲಿಲ್ಲ. ಮರುದಿನ ಹೆಂಡತಿಯ ಕೈಲಿ ಮಗಳ ಕಂಪಾಸ್ ಪೆಟ್ಟಿಗೆಯನ್ನೇ ತರಿಸಿ, ಅದರೊಳಗಿನ ಕೋನಮಾಪಕ ತೆಗೆದಿಟ್ಟಿದ್ದರು. "ಸುಮಾರು ಅನ್ನೋದು ಅಳತೆ ಅಲ್ಲ ಡಾಕ್ಟ್ರೇ." ಅಂದು ನಲವತ್ತೈದು ಇತ್ತು. ಮೂರನೇ ದಿನ ಅರವತ್ತೆಂಟು. ಅವರ ತಲೆದಿಂಬಿನ ಕೆಳಗೆ ಇನ್ನೊಂದು ಉಪಕರಣವಿತ್ತು, ಕಣ್ಣಿಗೆ ಒತ್ತಿಕೊಳ್ಳುವ ಪುಟ್ಟ ಭೂತಗನ್ನಡಿ. ಕಾರ್ಖಾನೆಯದಲ್ಲ, ಸ್ವಂತದ್ದು. ಹೊತ್ತು ಹೋಗದಿದ್ದಾಗ ಅದರಲ್ಲಿ ದಿನಪತ್ರಿಕೆಯ ಚಿತ್ರಗಳ ಚುಕ್ಕೆಗಳನ್ನು ನೋಡುತ್ತಿದ್ದರು.

ಗುರುವಾರ ಬೆಳಿಗ್ಗೆ ಕೊಳವೆ ತೆಗೆದೆ. ಹೊರಬಂದ ತುದಿ ಪೂರ್ತಿ ಇದೆಯೇ ಎಂದು ನೋಡದೆ ಟ್ರೇಗೆ ಹಾಕಬಾರದು. ಅದು ನನ್ನ ಪ್ರೊಫೆಸರ್ ಕಲಿಸಿದ್ದು. ತುದಿ ಓರೆಯಾಗಿ ಕಂಡಿತು. ಅಳೆದೆ. ನಲವತ್ತೊಂದು.

ಥಿಯೇಟರಿಗೆ ಹೋಗಿ ಸಿಸ್ಟರನ್ನು ಕೇಳಿದೆ. "ಇದರ ತುದಿ ಯಾವಾಗಲಾದರೂ ಕತ್ತರಿಸಿದ್ರಾ?"

"ಎಲ್ಲದರದ್ದೂ ಕತ್ತರಿಸಿದೀನಿ ಮೇಡಂ. ಇದರದ್ದು ಅಂತ ಹೇಗೆ ಹೇಳ್ಲಿ?"

ಉಳಿದ ಐದನ್ನೂ ತರಿಸಿ ಸಾಲಾಗಿ ಇಟ್ಟೆ. ನಲವತ್ತಾರು, ನಲವತ್ತನಾಲ್ಕು, ಮೂವತ್ತೆಂಟು, ನಲವತ್ತೇಳು, ನಲವತ್ತೆರಡು. ಐವತ್ತು ಯಾವುದೂ ಇರಲಿಲ್ಲ. ಅಂದರೆ ನನ್ನ ಕೈಯಲ್ಲಿದ್ದ ನಲವತ್ತೊಂದರಿಂದ ಏನೂ ಸಾಬೀತಾಗುವುದಿಲ್ಲ. ಕೊರತೆಯ ಒಂಬತ್ತು ಮಿಲಿಮೀಟರ್ ಸಿಸ್ಟರ ಕತ್ತರಿಯಿಂದ ಹೋಗಿ ಎಂದೋ ಕಸದ ಬುಟ್ಟಿ ಸೇರಿರಬಹುದು. ಅಥವಾ ನನ್ನ ಸೂಜಿಯಿಂದ ತುಂಡಾಗಿ ಆ ಮನುಷ್ಯನ ಬೆನ್ನಿನಲ್ಲಿರಬಹುದು. ನೈಲಾನ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ನಾನು ಸೋಮವಾರದ ಆ ಅರ್ಧ ಅಂಗುಲದ ವಿಷಯ ಹೇಳಿದೆ. ಸಿಸ್ಟರ್ ಬಾಗಿಲು ಮುಂದೆ ಮಾಡಿ, "ನಾನೇ ಕತ್ತರಿಸಿದ್ದು ಅಂತ ಇಟ್ಕೊಳ್ಳಿ" ಎಂದರು. "ನನಗೆ ಬೈದರೆ ಎರಡು ದಿನ. ನೀವು ಈಗಿನ್ನೂ ಶುರು ಮಾಡ್ತಿದೀರಿ, ಹೆಸರು ಹೋದರೆ ಬರಲ್ಲ ಮೇಡಂ."

"ಕತ್ತರಿಸಿದ್ದು ನಿಜವಾಗಿ ನೆನಪಿದೆಯಾ?"

"ನೆನಪಿದ್ದಿದ್ದರೆ ಮೊದಲೇ ಹೇಳ್ತಿರಲಿಲ್ವಾ?"

ಮಧ್ಯಾಹ್ನ ದೊಡ್ಡ ಡಾಕ್ಟರಿಗೆ ಎರಡೂ ಸಾಧ್ಯತೆಗಳನ್ನು ಹೇಳಿದೆ. ಅವರು ಕೂಗಾಡಲಿಲ್ಲ. "ಕಾಲು ಎಷ್ಟು ಎತ್ತುತ್ತಾನೆ?" ಎಂದರು. ಅರವತ್ತೆಂಟು ಎಂದೆ. "ಜ್ವರ?" ಇಲ್ಲ. "ಮತ್ತೆ? ಸಿಸ್ಟರ್ ಕತ್ತರಿಸಿದ್ದಾರೆ. ನಾಳೆ ಡಿಸ್ಚಾರ್ಜ್. ನೀವು ಹೇಳಿದ್ದು ನಾನು ಕೇಳಿಸ್ಕೊಂಡೆ, ಇಲ್ಲಿಗೆ ನಿಲ್ಲಲಿ. ಕಾಗದದ ಮೇಲೆ ಏನೂ ಬೇಡ. ಇಲ್ಲದ ಭಯ ಹುಟ್ಟಿಸಿದರೆ ಅದೂ ಒಂದು ಕಾಯಿಲೆ."

ಆ ಕೊನೆಯ ಮಾತು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಇನ್ನೊಂದೂ ಗೊತ್ತಿತ್ತು. ಮುಂದೆ ಎಂದಾದರೂ ರೋಗಿಯ ಕಾಲು ಸೋತರೆ, ಜ್ವರ ಬಂದರೆ, ಬೇರೆ ಊರಿನ ಬೇರೆ ಡಾಕ್ಟರು ಏನನ್ನು ಹುಡುಕಬೇಕೆಂದು ತಿಳಿಯದೆ ಹುಡುಕುತ್ತಾರೆ. ಹೇಳಿದರೆ, ಅವರು ಯಾವುದಕ್ಕೆ ಹೆದರಿ ನನ್ನ ಬಳಿ ಬಂದಿದ್ದರೋ ಆ ಕೊಯ್ತವೇ ಮತ್ತೆ ಮುಂದೆ ನಿಲ್ಲಬಹುದು.

ಬಸ್ಸು ಹಿಡಿದು ನನ್ನ ಹಳೆಯ ಕಾಲೇಜಿಗೆ ಹೋದೆ. ಪ್ರೊಫೆಸರ್ ತಮ್ಮ ಕೋಣೆಯಲ್ಲಿದ್ದರು. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಮೂರು ಸಲ ಚುಚ್ಚಿದ ಮೇಲೆ ಎಳೆದಿರ್ತೀಯ."

"ಹೌದು ಸರ್."

"ನಾಲ್ಕನೇದಕ್ಕೆ ಸಂಕೋಚ. ರೋಗಿ ಒಳ್ಳೆಯವನಾಗಿದ್ದರಂತೂ ಇನ್ನೂ ಕಷ್ಟ." ಕಾಲಿನ ಶಕ್ತಿ, ಜ್ವರ, ಮೂತ್ರ, ಮೂರನ್ನೂ ಕೇಳಿದರು. "ಒಳಗಿದ್ದರೆ ಇರಲಿ. ಹುಡುಕಿಕೊಂಡು ಕೊಯ್ದರೆ ಅದರಿಂದಲೇ ಹೆಚ್ಚು ಹಾನಿ. ಈ ನೈಲಾನ್ ಮೈಯಲ್ಲಿ ಸಾಮಾನ್ಯವಾಗಿ ತಕರಾರು ಮಾಡಲ್ಲ. ಆದರೆ ಅದು ಅಲ್ಲಿದೆ ಅಂತ ಅವನಿಗೆ ಗೊತ್ತಿರಬೇಕು." ಮತ್ತೆ, ನಾನು ಎದ್ದು ನಿಂತ ಮೇಲೆ, "ಹಬೆಯಲ್ಲಿಟ್ಟು ಸೆಟೆದ ನೈಲಾನ್ ಬೇಗ ತುಂಡಾಗುತ್ತೆ. ಅದನ್ನ ನೆಪ ಮಾಡ್ಕೋಬೇಡ" ಎಂದರು.

ಹಿಂದಿರುಗಿದಾಗ ನಾಲ್ಕೂವರೆ. ಒಂದು ಗಾಜಿನ ಪಟ್ಟಿಯ ಮೇಲೆ ಆ ಕೊಳವೆಯ ತುದಿಯನ್ನು ಅಂಟಿಸಿಕೊಂಡು ವಾರ್ಡಿಗೆ ಹೋದೆ. ಹೆಂಡತಿಯೂ ಅಲ್ಲೇ ಇದ್ದರು. ಸ್ಟೂಲ್ ಎಳೆದುಕೊಂಡು ಕೂತು, ಸೋಮವಾರ ನಡೆದದ್ದನ್ನು ಕ್ರಮವಾಗಿ ಹೇಳಿದೆ. ಎಳೆಯಬಾರದಿತ್ತು, ಎಳೆದೆ ಎಂದೂ ಹೇಳಿದೆ. ಸಿಸ್ಟರ ಕತ್ತರಿಯ ಸಾಧ್ಯತೆಯನ್ನೂ ಹೇಳಿದೆ, ಯಾಕೆಂದರೆ ಅದೂ ನಿಜವಿರಬಹುದಿತ್ತು.

ಮೊದಲು ಮಾತಾಡಿದ್ದು ಹೆಂಡತಿ. "ನಂಬಿ ಬಂದಿದ್ವಲ್ಲ ತಾಯಿ."

ರೋಗಿ ಆಕೆಯ ಕಡೆ ಕೈ ಎತ್ತಿ ತಡೆದರು. "ಅದನ್ನ ತೆಗೀಬೇಕಂದ್ರ ಕೊಯ್ಯಬೇಕೇನ್ರಿ?"

"ಬೇಡ. ನನಗೆ ಕಲಿಸಿದವರನ್ನು ಕೇಳಿ ಬಂದಿದ್ದೇನೆ. ಒಳಗಿದ್ದರೆ ಅಲ್ಲೇ ಬಿಡಬೇಕು ಅಂದರು."

ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ಕೈಚಾಚಿ, "ಎಲ್ಲಿ, ಆ ಪೀಸು ಕೊಡ್ರಿ" ಎಂದರು. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ಗಾಜಿನ ಪಟ್ಟಿಯನ್ನು ಕಿಟಕಿಯತ್ತ ಹಿಡಿದರು. ಮುಖದ ಬೇರೆಯ ಭಾಗಗಳೆಲ್ಲ ಸ್ಥಿರವಾದವು. ಇದು ಅವರ ಕೆಲಸದ ಮುಖವೆಂದು ತಿಳಿಯಿತು.

"ಬರೀ ಇದೊಂದೇ ನೋಡಿದ್ರ ಹೇಳಾಕಾಗಲ್ಲ. ಕತ್ತರಿಯಲ್ಲಿ ಕತ್ತರಿಸಿದ್ದೊಂದು, ಆ ಸೂಜಿಯಲ್ಲಿ ಕತ್ತರಿಸಿದ್ದೊಂದು, ಎರಡು ಸ್ಯಾಂಪಲ್ ಬೇಕು."

ನನಗೆ ಇದು ಹೊಳೆದಿರಲಿಲ್ಲ. ಥಿಯೇಟರಿಗೆ ಹೋಗಿ, ಮೂವತ್ತೆಂಟರ ಕೊಳವೆಯನ್ನು ತೆಗೆದುಕೊಂಡು ಸಿಸ್ಟರಿಗೆ ಕತ್ತರಿ ಕೊಟ್ಟೆ. ನೀವು ಯಾವಾಗಲೂ ಕತ್ತರಿಸುವ ಹಾಗೆ ಕತ್ತರಿಸಿ ಎಂದೆ. ಕತ್ತರಿಸಿದರು. ಆಮೇಲೆ ಅದೇ ಕೊಳವೆಯನ್ನು ಸೂಜಿಯೊಳಗೆ ತೂರಿಸಿ, ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆದೆ. ಸಣ್ಣದೊಂದು ಹಿಡಿತ, ಆಮೇಲೆ ಸಡಿಲ. ಬೆರಳ ನಡುವೆ ತುಂಡು ಉಳಿಯಿತು. ಸಿಸ್ಟರ್ ನನ್ನ ಮುಖ ನೋಡಿದರು. ಭೂತಗನ್ನಡಿ ಹೇಳಬೇಕಾದದ್ದನ್ನು ನನ್ನ ಬೆರಳು ಆಗಲೇ ಹೇಳಿತ್ತು.

ವಾರ್ಡಿಗೆ ಮರಳಿ, ಯಾವುದು ಯಾವುದೆಂದು ಹೇಳದೆ ಎರಡನ್ನೂ ರೋಗಿಗೆ ಕೊಟ್ಟೆ. ಹಾಗೆ ಕೊಡಬೇಕೆಂದು ಅವರೇ ಹೇಳಿ ಕಳಿಸಿದ್ದರು. ಒಂದೊಂದನ್ನೂ ಎರಡೆರಡು ಸಲ ನೋಡಿದರು.

"ಇದು ಕತ್ತರಿ. ಎರಡೂ ಕಡೆಯಿಂದ ಅಮುಕೈತಿ, ಬಾಯಿ ಚಪ್ಪಟೆ ಆಗೈತಿ." ಅದನ್ನು ಬದಿಗಿಟ್ಟು, ಇನ್ನೊಂದನ್ನು ಗಾಜಿನ ಪಟ್ಟಿಯ ಪಕ್ಕಕ್ಕೆ ಹಿಡಿದರು. "ಇದು, ಮತ್ತ ನನ್ನದು, ಎರಡೂ ಒಂದೇ. ಒಂದು ಕಡೆಯಿಂದ ಸೀಳಿ, ಇನ್ನೊಂದು ಕಡೆ ಎಳೆ ಹರಿದಂಗ ಬಾಲ ಬಿಟ್ಟೈತಿ. ಸೂಜೀನೇ."

"ಹೌದು" ಎಂದೆ.

"ಎಳೆದಾಗಲೇ ನನಗ ಹೇಳಬೇಕಿತ್ತು ನೀವು."

"ಹೌದು."

ಅವರು ಭೂತಗನ್ನಡಿಯನ್ನು ಅಂಗಿಯ ಅಂಚಿನಿಂದ ಒರೆಸಿ ಡಬ್ಬಿಯಲ್ಲಿಟ್ಟರು. ಕಾರ್ಖಾನೆಯಲ್ಲಿ ಒಂದು ತುಂಡು ಅಳತೆ ತಪ್ಪಿದ್ದರೂ ಕೆಲಸಕ್ಕೆ ಬರುವಂತಿದ್ದರೆ ಏನು ಮಾಡುತ್ತಾರೆಂದು ನಿಧಾನವಾಗಿ ವಿವರಿಸಿದರು. ಎಲ್ಲಿ ತಪ್ಪಿದೆ, ಎಷ್ಟು ತಪ್ಪಿದೆ, ಯಾರ ಕೈಯಲ್ಲಿ ತಪ್ಪಿದೆ ಎಂದು ಚೀಟಿ ಬರೆದು, ಅದಕ್ಕೆ ಕಟ್ಟಿ, ಪಾಸು ಮಾಡುತ್ತಾರೆ. "ಬರೆದು ಪಾಸು ಮಾಡೋದುಂಟು. ಬರೀದೆ ಮಾಡಿದ್ರ ಮಾತ್ರ ಕೆಲಸ ಹೋಗ್ತದ. ನೀವೂ ಬರ್ಕೊಡ್ರಿ."

ಡಿಸ್ಚಾರ್ಜ್ ಕಾರ್ಡ್ ತೆಗೆದು ಅಲ್ಲೇ ಬರೆಯತೊಡಗಿದೆ. ಕನ್ನಡದಲ್ಲಿ ಒಮ್ಮೆ, ಬೇರೆ ಡಾಕ್ಟರಿಗಾಗಿ ಇಂಗ್ಲಿಷಿನಲ್ಲಿ ಒಮ್ಮೆ. ಸೊಂಟದ ಭಾಗದ ಮೂರು ಮತ್ತು ನಾಲ್ಕನೇ ಬೆನ್ನುಮೂಳೆಗಳ ನಡುವೆ, ಸುಮಾರು ಒಂಬತ್ತು ಮಿಲಿಮೀಟರ್ ಉದ್ದದ ನೈಲಾನ್ ತುಂಡು.

ಅವರು ಬಗ್ಗಿ ಓದಿದರು. "ಸುಮಾರು ಅಂತ ಯಾಕ್ರಿ? ಸಿಸ್ಟರಮ್ಮ ಇದನ್ನೂ ಮೊದಲೊಮ್ಮೆ ಕತ್ತರಿಸಿರಬೋದಲ್ಲ? ಹಂಗಾದ್ರ ಒಳಗಿರೋದು ಐದೋ ಆರೋ ಇರಬೋದು. ನಿಮಗ ಗೊತ್ತಿರೋದು ಒಂದೇ, ಒಂಬತ್ತಕ್ಕಿಂತ ಹೆಚ್ಚಿಲ್ಲ. ಹಂಗ ಬರೀರಿ."

ಹೊಡೆದುಹಾಕಿ ಹಾಗೆ ಬರೆದೆ. ಕೊಳವೆಯನ್ನು ಹಿಂದಕ್ಕೆ ಎಳೆದದ್ದರಿಂದ ತುಂಡಾದದ್ದು ಎಂದೂ ಬರೆದು, ನನ್ನ ಹೆಸರು ಪೂರ್ತಿ ಬರೆದು ಸಹಿ ಹಾಕಿದೆ. ಜ್ವರ, ಕಾಲಿನ ಸೋಲು, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಬರಬೇಕೆಂದು ಹೆಂಡತಿಗೂ ಹೇಳಿದೆ. ಆಕೆ ಕೇಳಿಸಿಕೊಂಡರು, ತಲೆಯಾಡಿಸಲಿಲ್ಲ. ಕಾರ್ಡನ್ನು ನಾಲ್ಕಾಗಿ ಮಡಿಸಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡರು.

ಕೊಡುವ ಮೊದಲು ಕಾರ್ಡನ್ನು ದೊಡ್ಡ ಡಾಕ್ಟರಿಗೆ ತೋರಿಸಬೇಕಿತ್ತು, ತೋರಿಸಿರಲಿಲ್ಲ. ಹೊರಡುವ ಮುನ್ನ ಅವರ ಕೋಣೆಗೆ ಹೋಗಿ ಬರೆದದ್ದನ್ನು ಬಾಯಲ್ಲೇ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. "ಅದರಲ್ಲಿ ನನ್ನ ಸಹಿ ಇಲ್ಲ" ಎಂದರು. ಇಲ್ಲ ಎಂದೆ. "ಇರೋದೂ ಬೇಡ. ನಾಳೆ ಎಂಟಕ್ಕೆ ತೊಡೆಮೂಳೆ ಕೇಸು ಇದೆ, ಬನ್ನಿ." ನನ್ನನ್ನು ಕೆಲಸದಿಂದ ತೆಗೆಯುವುದಿಲ್ಲ ಎಂಬುದನ್ನು ಅವರು ಹಾಗೆ ಹೇಳಿದರೆಂದು ವಿಜಯನಗರದ ನನ್ನ ಮನೆಯ ಕಡೆಗೆ ಅರ್ಧ ದಾರಿ ನಡೆದ ಮೇಲೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ಥಿಯೇಟರಿಗೆ ಹೋದೆ. ಉಳಿದ ಕೊಳವೆಗಳಲ್ಲಿ ನಲವತ್ತೇಳರದನ್ನು ಆರಿಸಿ, ಹಬೆಯಲ್ಲಿಟ್ಟ ಸ್ಕೇಲಿನ ಪಕ್ಕದಲ್ಲಿ ಸಿಸ್ಟರ ಎದುರಿಗೇ ಅಳೆದು, ಗೋಡೆಯ ಸ್ಲೇಟಿನ ಮೇಲೆ ಅವರಿಂದಲೇ ಬರೆಸಿದೆ. ರೋಗಿ ಮಲ್ಲತ್ತಹಳ್ಳಿಯ ಅಜ್ಜಿ, ಹಿತ್ತಿಲಲ್ಲಿ ಜಾರಿ ತೊಡೆ ಮುರಿದುಕೊಂಡವರು. ಎರಡು ಸಲ ಮೂಳೆ ತಾಗಿತು. ಮೂರನೇ ಸಲ ಎದುರೊತ್ತು ಇಲ್ಲವಾಯಿತು, ಕೊಳವೆ ಸೂಜಿಯ ತುದಿ ದಾಟಿತು, ನಿಂತಿತು.

"ಇನ್ನೂ ಎಷ್ಟು ಸಲ ಚುಚ್ತೀಯವ್ವ?" ಎಂದರು ಅಜ್ಜಿ. "ರಾಗಿ ಮಂಡಿಯೋರು ಮೂಟೆಗೆ ಚುಚ್ಚಿದಂಗೆ ಚುಚ್ತಾ ಇದೀಯಲ್ಲ!"

"ಇನ್ನೊಂದು ಸಲ ಚುಚ್ಚಬೇಕು ಅಜ್ಜಿ" ಎಂದೆ.

ಸೂಜಿಯನ್ನೂ ಕೊಳವೆಯನ್ನೂ ಒಟ್ಟಿಗೆ ಹೊರತೆಗೆದು ಸ್ಕೇಲಿನ ಪಕ್ಕದಲ್ಲಿಟ್ಟೆ. ನಲವತ್ತೇಳು. ಸಿಸ್ಟರ್ ಸ್ಲೇಟಿನತ್ತ ನೋಡಿ ತಲೆಯಾಡಿಸಿದರು. ನಾಲ್ಕನೇ ಸಲ ಚುಚ್ಚಿದೆ.